ಬೇವಿನ ಗಿಡದಷ್ಟು ದೂರ

“ಒಂದೂ ಇಲ್ಲ ಅಂತ ಎಷ್ಟ್ ಸಲ ಹೇಳ್ಬೇಕೋ ನಿನಗ? ಈ ಸೀಮ್ಯಾಗ ಮೊಲ ಮುಗದು ಎರಡು ವರ್ಷ ಆತು,” ಎನ್ನುತ್ತ ಅಮೋಘಪ್ಪ ಬದುವಿನ ಮೇಲಿಂದ ಮತ್ತೆ ಎದ್ದು ನಿಂತ. ಕೂತರೆ ಏಳುವುದು, ಎದ್ದರೆ ಕೂರುವುದು, ಬೀಡಿ ಹಚ್ಚುವುದು, ಎರಡು ದಮ್ಮು ಎಳೆದು ಕಲ್ಲಿಗೆ ತಿಕ್ಕುವುದು. ಮನುಷ್ಯನಿಗೆ ಒಂದು ಕಡೆ ನೆಲೆ ಇರಲಿಲ್ಲ. ಕೈಯಲ್ಲಿದ್ದ ಅಪ್ಪನ ಕಾಲದ ಬಂದೂಕು ಮಾತ್ರ ಚಳಿಗೆ ತಣ್ಣಗಾಗಿ ಸುಮ್ಮನಿತ್ತು.

“ಸುಮ್ ಕೂಡ್ರಿ ಮಾಮಾ. ನೀವು ಹಿಂಗ ಕುಣದಾಡಿದ್ರ ಇದ್ದ ಮೊಲನೂ ಹುಮನಾಬಾದ್ ಮುಟ್ತಾವ,” ಎಂದ ಕಾಶಿರಾಯ.

ಕಾಶಿರಾಯ ಅವನ ಅಕ್ಕನ ಮಗ, ಈಗ ಅಳಿಯ. ಕಲಬುರಗಿಯ ಗಾಜಿಪುರದಲ್ಲಿ ಮನೆ, ಕರೆಂಟಿನ ಕಾಂಟ್ರ್ಯಾಕ್ಟರನ ಕೈಕೆಳಗೆ ಕೆಲಸ. ಎಲ್ಲಿ ತಂತಿಯ ಗಂಟು ಸಡಿಲಾಗಿ ಬಿಸಿಯೇರಿದೆ ಎಂದು ದೂರದಿಂದಲೇ ತೋರಿಸುವ ಕ್ಯಾಮೆರಾ ಈ ವಾರ ಅವನ ಸುಪರ್ದಿಗೆ ಬಂದಿತ್ತು. ಬಿಸಿಯಾದದ್ದು ಪರದೆಯಲ್ಲಿ ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ. ತಂತಿಯ ಬಿಸಿ ಕಾಣುವುದಾದರೆ ಮೊಲದ ಬಿಸಿ ಕಾಣದೆ ಇರುತ್ತದೆಯೇ? ತವರಿಗೆ ಬಂದಿದ್ದ ಬಸುರಿ ಹೆಂಡತಿ ಜಯದೇವಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದವನು ಕ್ಯಾಮೆರಾವನ್ನೂ ಕೊರಳಿಗೆ ಹಾಕಿಕೊಂಡೇ ಬಂದಿದ್ದ. ಮಾವನೇ ಓಡಿಸುವ ಟ್ರ್ಯಾಕ್ಸ್ ಗಾಡಿ ದಿನಾ ಮುಂಜಾನೆ ಜನ ತುಂಬಿಕೊಂಡು ಕಮಲಾಪುರದಿಂದ ಕಲಬುರಗಿಗೆ ಹೋಗುತ್ತದೆ. ಇವತ್ತಿನ ಮೊದಲ ಟ್ರಿಪ್ಪಿನಲ್ಲೇ ಗಂಡ ಹೆಂಡತಿ ಹೊರಡುವವರು. ಅದಕ್ಕೂ ಮೊದಲು ಒಂದು ಮೊಲ ಸಿಕ್ಕರೆ ಅತ್ತೆಗೂ ಖುಷಿ.

ಮೂಡಲು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕಾಶಿರಾಯ ಕೊಯ್ದ ತೊಗರಿ ಹೊಲದ ಮೇಲೆ ಕ್ಯಾಮೆರಾ ಆಡಿಸಿದ. ಕಪ್ಪು, ಕಪ್ಪು, ಕಪ್ಪು. ಆಮೇಲೆ ಒಂದು ಬಿಳಿ ಮುದ್ದೆ. ಅದರ ಪಕ್ಕದ ಸಾಲಿನಲ್ಲಿ ಇನ್ನೊಂದು. ಬದುವಿನ ಬುಡದಲ್ಲಿ ಎರಡು, ಕಿವಿ ನಿಮಿರಿಸಿಕೊಂಡು.

“ಅಯ್ಯಯ್ಯೋ ಮಾಮಾ! ಹೊಲ ತುಂಬ ಅದಾವಲ್ರಿ!”

“ನಿನ್ನ ತಲಿ. ಕಲ್ಲು ಕಾದಿರ್ತಾವ.”

“ಈ ಚಳ್ಯಾಗ ಯಾವ ಕಲ್ಲು ಕಾಯ್ತದ್ರಿ? ಬೇಕಾದ್ರ ನೋಡ್ರಿ,” ಎಂದು ಕಾಶಿರಾಯ ಒಂದು ಮಣ್ಣಿನ ಹೆಂಟೆ ಎತ್ತಿ ಒಗೆದ. ಹತ್ತಿರದ ಮೊಲ ಚಂಗನೆ ಎದ್ದು ನಾಲ್ಕು ಜಿಗಿತ ಹಾಕಿ, ಬಟಾಬಯಲಿನಲ್ಲಿ ನಿಂತುಬಿಟ್ಟಿತು. ಅಷ್ಟರಲ್ಲಿ ಬೆಳಕಾಗಿತ್ತು. ಅದನ್ನು ನೋಡಲು ಕ್ಯಾಮೆರಾ ಬೇಕಾಗಿರಲಿಲ್ಲ. ಕರಿ ಮಣ್ಣಿನ ಮೇಲೆ ಕಂದು ಮೈ, ಹಿಂದಿನಿಂದ ಬೆಳಕು ಬಿದ್ದು ಕೆಂಪಾದ ಕಿವಿ.

“ಹೊಡೀರಿ ಮಾಮಾ, ಹೊಡೀರಿ!” ಎಂದು ಕಾಶಿರಾಯ ಪಿಸುಗುಟ್ಟಿದ.

ಅಮೋಘಪ್ಪ ಬಂದೂಕು ಏರಿಸಿದ. ಕೈ ನಡುಗಲಿಲ್ಲ, ಉಸಿರು ಬಿಗಿಹಿಡಿದಿದ್ದ, ನಿಂತ ಠೀವಿಯೂ ಹಳೆಯದೇ. ಕಮಲಾಪುರದಲ್ಲಿ ಅವನ ಗುರಿಗೆ ಒಂದು ಕಾಲಕ್ಕೆ ಸುಮ್ಮನೆ ಹೆಸರು ಬಂದಿರಲಿಲ್ಲ. ಆದರೆ ನಳಿಗೆ ಮೊಲದ ಕಡೆಗಿರಲಿಲ್ಲ. ಅದು ಎಡಕ್ಕೆ, ದೂರದ ಒಂದು ಮರದ ಮೋಟಿನ ಕಡೆಗಿತ್ತು. ಢಂ ಎಂದು ಸದ್ದಾಯಿತು. ಮೊಲ ಕಾಲಿಗೆ ಬುದ್ಧಿ ಹೇಳಿತು. ಅದು ಹೊಲ ದಾಟಿ ಮರೆಯಾಗುವವರೆಗೂ ಅಮೋಘಪ್ಪ ಮೋಟನ್ನೇ ನೋಡುತ್ತಿದ್ದ.

“ಬಿತ್ತೇನು?” ಎಂದು ಕೇಳಿದ.

ಕಾಶಿರಾಯ ಮಾವನ ಕಣ್ಣನ್ನೇ ನೋಡಿದ. “ಇಲ್ರಿ. ಓಡ್ತು.”

ಇಬ್ಬರೂ ಗಾಡಿ ನಿಲ್ಲಿಸಿದ್ದ ಮನೆಯ ಕಡೆ ನಡೆದರು. ಮೊಲ ಮುಗಿದಿವೆಯಂತೆ! ಎರಡು ವರ್ಷದಿಂದ ಮಾವ ಚಹಾದಂಗಡಿಯಲ್ಲಿ ಕೂತು ಬೆಳೆಗೆ ಹೊಡೆಯುವ ಔಷಧಿಗೂ ಟ್ರ್ಯಾಕ್ಟರಿಗೂ ಬೈದದ್ದೇ ಬೈದದ್ದು. ಬಲಗಡೆ ಕನ್ನಡಿ ಒಡೆದದ್ದು ಲಾರಿಯವನ ತಪ್ಪು. ಹೋದ ತಿಂಗಳು ಎಮ್ಮೆಗೆ ಗಾಡಿ ತಾಗಿದ್ದು ಎಮ್ಮೆಯ ತಪ್ಪು. ಕಾಶಿರಾಯ ಎಲ್ಲಕ್ಕೂ ಹೂಂಗುಟ್ಟಿದ್ದ. ರಸ್ತೆ ಬಾಯಿಪಾಠ ಇದ್ದದ್ದರಿಂದ ಗಾಡಿ ಓಡುತ್ತಿತ್ತು, ಅಷ್ಟೆ. ರಸ್ತೆಗೆ ಅಡ್ಡ ಬರುವುದನ್ನು ಯಾರು ಬಾಯಿಪಾಠ ಮಾಡಲಾದೀತು? ಈಗ ಆ ಗಾಡಿಯಲ್ಲಿ ಜಯದೇವಿ ಕೂರಬೇಕು, ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡು. ಅವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂದಂತಾಯಿತು.

ಮನೆ ಮುಂದೆ ಜನ ಆಗಲೇ ಗಾಡಿ ಹತ್ತುತ್ತಿದ್ದರು. ಬಾಳೆಗೊನೆಯವರು, ಕೋರ್ಟಿಗೆ ಹೊರಟವರು, ಮೋಮಿನಪುರಕ್ಕೆ ಮಗಳ ಮನೆಗೆ ಹೊರಟ ಮುದುಕಿಯೊಬ್ಬಳು. ಅಮೋಘಪ್ಪ ಬಂದೂಕನ್ನು ಹೆಂಡತಿ ಪುತಳಾಬಾಯಿಯ ಕೈಗೆ ಕೊಟ್ಟು, ನೇರ ಹೋಗಿ ಸ್ಟೀರಿಂಗ್ ಹಿಡಿದು ಕೂತ.

ಕಾಶಿರಾಯ ಬಾಗಿಲಿಗೆ ಆತುಕೊಂಡು ಮೆಲ್ಲಗೆ ಹೇಳಿದ: “ಮಾಮಾ, ಇವತ್ತೊಂದಿನ ನಾ ಹೊಡೀತೀನ್ರಿ ಗಾಡಿ.”

“ಯಾಕ? ನನ್ನ ಕೈ ಬಿದ್ದಾವೇನು?”

“ಕೈ ಅಲ್ರಿ...”

“ನಡಿ ನಡಿ. ಇಪ್ಪತ್ತೈದು ವರ್ಷ ಆತು ಈ ರೋಡಿನ ಮ್ಯಾಲ. ನಿನ್ನೆ ಮೊನ್ನೆ ಬಂದಾಂವ ನನಗ ಕಲಸ್ಲಾಕ ಬಂದಾನ!” ಹಿಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಅಮೋಘಪ್ಪ ಇಂಜಿನ್ ಚಾಲೂ ಮಾಡಿದ, ಮತ್ತೆ ಬಂದ್ ಮಾಡಿದ. ಎರಡೂ ಕೈಯಿಂದ ಸ್ಟೀರಿಂಗನ್ನು ಹಿಂಡುವಂತೆ ಹಿಡಿದುಕೊಂಡು ಬಹಳ ಹೊತ್ತು ಕೂತ. ಆಮೇಲೆ ದನಿ ತಗ್ಗಿಸಿ ಕೇಳಿದ: “ಕಾಶ್ಯಾ, ಖರೇ ಹೇಳು. ಆ ಮೊಲ ಎಷ್ಟ್ ದೂರ ನಿಂತಿತ್ತು?”

ಕಾಶಿರಾಯ ಸುತ್ತ ನೋಡಿದ. “ಆ ಬೇವಿನ ಗಿಡದಷ್ಟು, ಮಾಮಾ.”

ಅಮೋಘಪ್ಪ ಕಣ್ಣು ಕಿರಿದು ಮಾಡಿ ಬೇವಿನ ಗಿಡದ ಕಡೆ ನೋಡಿದ. ಕತ್ತು ಮುಂದೆ ಚಾಚಿ ನೋಡಿದ.

“ಅಲ್ಲಿ ಯಾರೋ ನಿಂತಾರಲ್ಲ. ಕಲಬುರ್ಗಿಗಿ ಬರ್ತಾರೇನು ಕೇಳು.”

ಗಿಡದ ಕೆಳಗೆ ಹಳದಿ ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದವಳು ಇತ್ತ ನೋಡಿ ನಗುತ್ತಿದ್ದಳು.

“ಯಪ್ಪಾ, ಆತೇನು? ಬರ್ಲೇನು?” ಎಂದು ಜಯದೇವಿ ಅಲ್ಲಿಂದಲೇ ಕೂಗಿದಳು.

ಅಮೋಘಪ್ಪ ಸ್ಟೀರಿಂಗಿನಿಂದ ಕೈ ತೆಗೆದ. ಬಾಗಿಲು ತೆರೆದು ಕೆಳಗಿಳಿದ. ಗಾಡಿಯ ಮೈ ಸವರಿಕೊಂಡು ಹಿಂದಕ್ಕೆ ಹೋಗಿ, ಮುದುಕಿಯ ಪಕ್ಕ ಜಾಗ ಮಾಡಿಸಿಕೊಂಡು ಕೂತ. “ಅಕಿನ್ನ ಮುಂದ ಕೂಡಸು. ಜರಾ ಸಾವಕಾಶ ಹೊಡಿ,” ಎಂದ.

ಕಾಶಿರಾಯ ಮೇಲೇರಿ ಕೂತ. ಕ್ಯಾಮೆರಾ ಇನ್ನೂ ಚಾಲೂ ಇತ್ತು. ಬಂದ್ ಮಾಡಲೆಂದು ಎತ್ತಿದಾಗ ಪರದೆಯಲ್ಲಿ ಕರಿ ಸ್ಟೀರಿಂಗಿನ ಮೇಲೆ ಮಾವ ಬಿಟ್ಟುಹೋದ ಎರಡು ಅಂಗೈಗಳ ಬಿಸಿ ಬೆಳ್ಳಗೆ ಮೂಡಿತ್ತು, ಹತ್ತೂ ಬೆರಳುಗಳ ಸಮೇತ. ಹಿಂದಿನಿಂದ ಯಾರೋ “ನಡೀರಿ, ಟೈಮ್ ಆತು” ಎಂದರು. ಕಾಶಿರಾಯ ಗಾಡಿ ಚಾಲೂ ಮಾಡಲಿಲ್ಲ. ಬೆರಳುಗಳು ಒಂದೊಂದಾಗಿ ತಣ್ಣಗಾಗಿ ಕಪ್ಪಿನಲ್ಲಿ ಕರಗುವವರೆಗೂ ಕೈ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.