ಬರೆಯುವವರು ತಲೆ ಎತ್ತಬಾರದು

ಒದ್ದೆ ದುಪ್ಪಟಿಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಹಿತ್ತಿಲಲ್ಲಿ ನಿಂತು ತಾಯಿ ಬಲಕ್ಕೆ, ಮಗಳು ಎಡಕ್ಕೆ ತಿರುವುತ್ತ ನೀರು ಹಿಂಡುತ್ತಿದ್ದರು. ಎಂಟು ವರ್ಷದ ಕೈಗೆ ಎಷ್ಟು ಬಲವಿದ್ದೀತು? ಆದರೂ ತುಟಿ ಕಚ್ಚಿಕೊಂಡು ತಿರುವುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ? ತಾತನ ವಿಷ್ಯ."

"ಕೇಳು ಮರಿ."

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. "ಆಮೇಲೆ ಕೇಳುವಿಯಂತೆ. ನೆಲಕ್ಕೆ ತಾಗಿಸ್ಬೇಡ," ಎಂದು ತನ್ನ ತುದಿಯನ್ನೂ ಮಗಳ ಹೆಗಲ ಮೇಲೆ ಹೇರಿ ಅವಳು ಒಳಗೋಡಿದಳು.

ಫೋನಿನಲ್ಲಿ ಲೈಬ್ರರಿ ಮೇಡಂ. ಊರಿನ ಲೈಬ್ರರಿ ನೋಡಿಕೊಳ್ಳುವ ಈಕೆಯೇ ಹಕ್ಕಿ ಎಣಿಕೆಯ ಉಸ್ತುವಾರಿ. ಚಳಿ ಹಿಂದೆ ಸರಿದು ಬಿಸಿಲೇರುತ್ತಿದ್ದಂತೆ ಗಿಡುಗ, ಹದ್ದು, ಚಾಣಗಳು ಉತ್ತರಕ್ಕೆ ಹೊರಡುತ್ತವೆ. ಆರು ವಾರ, ದಿನಾ ಬೆಳಿಗ್ಗೆ, ಅವನ್ನು ಎಣಿಸಬೇಕು. ಸಂಬಳವಿಲ್ಲ, ಸಾರಿಗೆಯಿಲ್ಲ, ಮನಸ್ಸಿದ್ದವರು ಬರುತ್ತಾರೆ. ಒಂದು ತಂಡ ಊರಾಚೆಯ ಗುಡ್ಡದ ಮೇಲೆ, ಇನ್ನೊಂದು ಅಲ್ಲಿಂದ ಉತ್ತರಕ್ಕೆ, ಅಣೆಕಟ್ಟಿನ ಮೇಲೆ. ಗುಡ್ಡ ದಾಟಿದ ಹಕ್ಕಿ ಕಣಿವೆ ಹಿಡಿದು ಹೋಗಿ ಒಂದು ಗಂಟೆಯಲ್ಲಿ ಅಣೆಕಟ್ಟು ದಾಟಲೇಬೇಕು. ಗುಡ್ಡದ ತಂಡಕ್ಕೆ ಇಪ್ಪತ್ತಾರು ವರ್ಷದಿಂದ ಅವಳ ಅಪ್ಪನೇ ಹಿರಿಯ.

"ನಿನ್ನೆ ನಿಮ್ಮಲ್ಲಿ ನಾನೂರ ಹದಿನೆಂಟು. ಅಣೆಕಟ್ಟಲ್ಲಿ ನೂರ ಅರವತ್ತಮೂರು. ಮಿಕ್ಕಿದ್ದು ಎಲ್ಲಿಗೆ ಹೋದ್ವಮ್ಮಾ?"

"ಗಾಳಿಗೆ ಚದುರಿರಬಹುದು ಮೇಡಂ."

"ಒಂದಿನ ಚದುರಬಹುದು. ಐದು ದಿನದಿಂದ ಹೀಗೇ ಇದೆ. ಅದಕ್ಕೂ ಮುಂಚೆ ನಿಮ್ಮದೂ ಅವರದೂ ಹತ್ತಿರ ಹತ್ತಿರ ಇರ್ತಿತ್ತು. ನಾಳೆ ಇಲ್ಲಿವರೆಗಿನ ಎಣಿಕೆ ಪುಸ್ತಕ ಮೇಲಿನವ್ರಿಗೆ ಕಳಿಸ್ಬೇಕು. ಕಾರಣ ಗೊತ್ತಾದ್ರೆ ಆ ಐದು ದಿನ ಮಾತ್ರ ಕೈಬಿಡ್ತೀನಿ. ಗೊತ್ತಾಗದಿದ್ರೆ ಗುಡ್ಡದ ಎಣಿಕೆ ಪೂರ್ತಿ ನಂಬೋ ಹಾಗಿಲ್ಲ ಅಂತ ಬರೀಬೇಕಾಗತ್ತೆ. ಆಮೇಲೆ ಹಳೇ ವರ್ಷದ್ದೂ ಕೆದಕ್ತಾರೆ. ನಿಮ್ಮಪ್ಪನ ಹೆಸರಿನ ಪ್ರಶ್ನೆ, ಅದಕ್ಕೇ ನಿಮಗೆ ಹೇಳ್ತಿದೀನಿ. ಯಾರೋ ಬೇಕಂತಲೇ ಏರಿಸ್ತಿದಾರೆ. ಹನ್ನೊಂದಕ್ಕೆ ಮತ್ತೆ ಫೋನ್ ಮಾಡ್ತೀನಿ, ಯಾರು ಅಂತ ಹೇಳಿ."

ಅವಳು ಫೋನಿಟ್ಟು ಬೆರಳು ಮಡಿಸಿದಳು. ಐದು ದಿನ. ಐದು ದಿನದ ಹಿಂದೆ ಗುಡ್ಡಕ್ಕೆ ಹೊಸದಾಗಿ ಬಂದವರು ಯಾರು? ಕಂಡಕ್ಟರು.

ಅಷ್ಟು ಸಾಕಾಯಿತು. ಅನುಮಾನ ಅನ್ನುವುದು ಬಟ್ಟೆಯ ಮೇಲೆ ಬಿದ್ದ ಎಣ್ಣೆ ಹನಿ, ನೋಡನೋಡುತ್ತಿದ್ದಂತೆ ಹರಡುತ್ತದೆ. ಬಸ್ಸಿನ ಕೆಲಸದಿಂದ ನಿವೃತ್ತರಾದ ಮನುಷ್ಯನಿಗೆ ಹಕ್ಕಿಯ ಗೊಡವೆ ಯಾಕೆ? ಬಂದ ಮೊದಲ ದಿನವೇ "ನಿಮ್ಮ ಗುಡ್ಡ ಈ ಸಲ ಅಣೆಕಟ್ಟನ್ನ ಸೋಲಿಸ್ಬೇಕು ಯಜಮಾನ್ರೇ" ಎಂದು ನಕ್ಕಿದ್ದು ಯಾಕೆ? ಆಗ ತಮಾಷೆಯಾಗಿ ಕಂಡದ್ದು ಈಗ ಬೇರೆಯೇ ಕಂಡಿತು.

ಹಿತ್ತಿಲಿಗೆ ಬಂದಾಗ ಮಗಳು ದುಪ್ಪಟಿ ಹೊದ್ದು ಗೂಟದಂತೆ ನಿಂತಿದ್ದಳು, ಲಂಗವೆಲ್ಲ ತೊಪ್ಪೆ. ಅವಳು ಅಯ್ಯೋ ಎಂದು ಮಗಳ ಬಟ್ಟೆ ಬದಲಿಸಿದಳು, ತಲೆ ಒರೆಸಿದಳು. ಮಗಳು ಏನೋ ಕೇಳಬೇಕೆಂದಿದ್ದದ್ದು ಮರೆತೇಹೋಯಿತು.

ಅಡುಗೆಮನೆಯಲ್ಲಿ ಅಪ್ಪ ತಾನೇ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ಲೋಟದ ಅಂಚಿನೊಳಗೆ ತೋರುಬೆರಳು ಇಳಿಬಿಟ್ಟು, ಬಿಸಿ ತಾಗಿದೊಡನೆ ಕೆಟಲ್ ಎತ್ತಿದ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಅಪ್ಪಾ, ಬೆರಳು ಅದ್ದಬೇಡ. ಒಳ್ಳೇ ಮಗು ಆಡಿದ ಹಾಗೆ!" ಅವಳು ಬಾಗಿ ಗುಂಡಿ ಸರಿಮಾಡಿದಳು.

"ವಯಸ್ಸಾದ ಮೇಲೆ ಮಗುವೇ ಅಲ್ವೇನೇ? ಎಲ್ಲಿ ನನ್ನ ಬಾಲ? ಪೇಪರ್ ಓದಬೇಕು ಬಾರೇ, ನಿನ್ನ ಓದು ಸುಧಾರಿಸ್ಲಿ."

ತಾತ ಹೋದಲ್ಲೆಲ್ಲ ಹಿಂದೆಯೇ ಹೋಗುವುದರಿಂದ ಹುಡುಗಿಗೆ ಬಾಲ ಎಂದೇ ಹೆಸರು ನಿಂತಿತ್ತು. ರಜೆಯ ಮೂರು ವಾರವೂ ಅವಳು ಗುಡ್ಡದ ಮೇಲೆ ತಾತನ ಪಕ್ಕಕ್ಕೆ ಅಂಟಿಕೊಂಡು ಕೂತು, ಕಿವಿಯಲ್ಲಿ ಪಿಸಿಪಿಸಿ ಅನ್ನುತ್ತಿದ್ದಳು. ಮುದ್ದಿನ ಮಾತು ಅಂದುಕೊಂಡಿದ್ದರು ಎಲ್ಲರೂ. ಶಾಲೆ ಶುರುವಾಗಿ ಅವಳು ಬರುವುದು ನಿಂತಿತು. ಆ ಜಾಗಕ್ಕೆ ಕಂಡಕ್ಟರು ಬಂದರು. ಇವತ್ತು ಮತ್ತೆ ಶಾಲೆಗೆ ಬಿಡುವು.

ಗುಡ್ಡದ ಮೇಲೆ ಒಂದು ಕಲ್ಲುಬೆಂಚು, ಎರಡು ಮಡಿಸುವ ಕುರ್ಚಿ, ಬಿಸಿಲಿಗೆ ಒಂದು ಹಳೇ ಛತ್ರಿ. ಕೆಲಸ ಮೂವರಿಗೆ ಹಂಚಿಕೆ. ಒಬ್ಬರು ಮೊದಲು ಕಂಡು ಎಚ್ಚರಿಸುವವರು. ಕೂಗಿದರೆ ಗಲಿಬಿಲಿಯಾಗುತ್ತದೆಂದು ಅವರ ಕೈಗೊಂದು ಪುಟ್ಟ ಎಣಿಕೆಯಂತ್ರ. ಒಂದು ಹಕ್ಕಿಗೆ ಒಂದು ಒತ್ತು, ಒಂದು ಟಕ್. ರಜೆಯಲ್ಲಿ ಅದು ಮಗಳ ಕೈಯಲ್ಲಿತ್ತು, ಈಗ ಕಂಡಕ್ಟರ ಕೈಯಲ್ಲಿ. ಅದರ ಅಂಕಿ ತಿರುಗುವುದು ಹೋದ ವರ್ಷವೇ ಕೆಟ್ಟಿತ್ತು. "ಸದ್ದು ಸರಿಯಿದೆಯಲ್ಲ, ಸಾಕು" ಎಂದು ಅಪ್ಪ ಬಿಸಾಡಲು ಬಿಟ್ಟಿರಲಿಲ್ಲ. ಎರಡನೆಯವನು ಅಪ್ಪ: ದುರ್ಬೀನು ಹಿಡಿದು ಜಾತಿಯನ್ನೂ ಸಂಖ್ಯೆಯನ್ನೂ ಹೇಳುವವನು. ಅವಳು ಬರೆಯುವವಳು. ಬರೆಯುವವರು ತಲೆ ಎತ್ತಬಾರದು. ಇದು ಅಪ್ಪನ ಕಟ್ಟುನಿಟ್ಟು. ಹಿಂದೊಮ್ಮೆ ಬರೆಯಲು ಕೂತಿದ್ದ ಮೇಷ್ಟ್ರೊಬ್ಬರು ಹದ್ದಿನ ಚಂದ ನೋಡುತ್ತ ಹನ್ನೊಂದು ಚಾಣಗಳನ್ನು ಬರೆಯದೇ ಬಿಟ್ಟಿದ್ದರಂತೆ. "ಕಣ್ಣು ನನ್ನದು, ಕೈ ನಿನ್ನದು," ಅನ್ನುತ್ತಿದ್ದ ಅಪ್ಪ. ಎಂಟು ವರ್ಷದಿಂದ ಅವಳು ಗುಡ್ಡದ ಮೇಲೆ ಕೂತು ನೋಡಿದ್ದು ಕಾಗದವನ್ನು ಮಾತ್ರ.

"ಬಾಲ, ಬಾ ಪಕ್ಕಕ್ಕೆ," ಎಂದು ಅಪ್ಪ ಕೈ ಚಾಚಿದ.

"ಬೇಡ ಅಪ್ಪಾ, ಇವತ್ತು ನನ್ನ ಹತ್ರ ಕೂತಿರ್ಲಿ." ಕಂಡಕ್ಟರ ಆಟ ಹಿಡಿಯಬೇಕಿತ್ತು ಅವಳಿಗೆ. ನಡುವೆ ಮಗು ಅಡ್ಡ ಬರುವುದು ಬೇಡ. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿದು ಮೆಲ್ಲಗೆ ತೊಡೆಯ ಮೇಲಿಳಿಯಿತು.

"ರೈಟ್ ರೈಟ್! ಬಂದ್ರಾ ಎಲ್ಲಾರೂ?" ಕಂಡಕ್ಟರು ಏದುಸಿರು ಬಿಡುತ್ತ ಹತ್ತಿ ಬಂದರು. "ಗುಡ್ಡಕ್ಕೂ ಒಂದು ಬಸ್ ಬಿಡ್ಬೇಕಿತ್ತು ತಾಯಿ. ಮುಂದೆ ಸೀಟ್ ಖಾಲಿ ಇದೆ, ಮುಂದೆ ಹೋಗಿ!"

ದಿನವೂ ನಗುತ್ತಿದ್ದ ಅವಳು ಇವತ್ತು ನಗಲಿಲ್ಲ. "ಕಂಡಕ್ಟ್ರೇ, ನಿನ್ನೆ ನಾನೂರ ಹದಿನೆಂಟು. ಬಸ್ಸಿಗೆ ಬಹಳ ಜನ ಹತ್ತಿದ ಹಾಗಿದೆ."

"ಅದೇ ನಾನೂ ನೋಡ್ದೆ! ಯಜಮಾನ್ರ ಕಣ್ಣು ಅಂದ್ರೆ ಕಣ್ಣು."

ಎಷ್ಟು ನಯವಾದ ಮಾತು, ಅಂದುಕೊಂಡಳು. ತಾನು ಮಾಡಿದ್ದನ್ನು ಅಪ್ಪನ ತಲೆಗೆ ಕಟ್ಟುವ ನಯ.

ಒಂಬತ್ತೂವರೆಗೆ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗಿತು. ಟಕ್. "ಗಿಡುಗ, ಒಂದು," ಅಂದ ಅಪ್ಪ. ಅವಳು ಗೀಟೆಳೆದಳು. ಟಕ್ ಟಕ್. "ಗಿಡುಗ, ಎರಡು." ಗೀಟು, ಗೀಟು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದಳು. ಐದು ದಿನವೂ ಗಿಡುಗದ ಸಾಲು ತುಂಬಿ ಅಂಚು ದಾಟಿತ್ತು. ಚಾಣದ ಸಾಲು ಖಾಲಿ. ಹದ್ದಿನದೂ ಖಾಲಿ. ವರ್ಷದ ಈ ಕಾಲದಲ್ಲಿ ಚಾಣ ಒಂದೂ ಇಲ್ಲವೆಂದರೆ?

ಟಕ್ ಟಕ್ ಟಕ್. "ಗಿಡುಗ, ಮೂರು."

ಅವಳು ತಲೆ ಎತ್ತಿದಳು.

ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು. ಕಂಡಕ್ಟರು ಆಕಾಶವನ್ನು ನೋಡುತ್ತಲೇ ಇರಲಿಲ್ಲ. ಚಪ್ಪಲಿಗೆ ಹತ್ತಿದ ಮುಳ್ಳು ಕೀಳುತ್ತ, ಇನ್ನೊಂದು ಕೈಯಲ್ಲಿ ಯಂತ್ರವನ್ನು ಸುಮ್ಮನೆ ಅದುಮುತ್ತಿದ್ದರು. ಟಕ್. ಟಕ್.

"ಸಿಕ್ಕಿಬಿದ್ರಿ!" ಅವಳ ದನಿ ಅವಳಿಗೇ ಗಡುಸಾಗಿ ಕೇಳಿತು. "ಎಲ್ಲಿವೆ ಹಕ್ಕಿ? ತೋರಿಸಿ ನೋಡೋಣ. ಇಲ್ಲದ ಹಕ್ಕಿ ಹಾರಿಸೋಕೆ ಬಂದ್ರಾ ಇಲ್ಲಿಗೆ?"

ಕಂಡಕ್ಟರು ತಬ್ಬಿಬ್ಬಾಗಿ ಯಂತ್ರವನ್ನೂ ಅವಳನ್ನೂ ನೋಡಿದರು. "ಅಯ್ಯೋ, ಒತ್ತಿದ್ನಾ? ಮೂವತ್ತೊಂದು ವರ್ಷ ಟಿಕೆಟ್ಟಿಗೆ ತೂತು ಹೊಡೆದ ಕೈ ತಾಯಿ. ಕೈಗೆ ಏನಾದ್ರೂ ಸಿಕ್ಕಿದ್ರೆ ಬೆರಳು ತಾನಾಗೇ ಆಡತ್ತೆ. ಮನೇಲಿ ಪೆನ್ನು ಹಿಡಿದ್ರೂ ಟಕ್ ಟಕ್ ಅಂತ ನಮ್ಮನೆಯೋಳು ಕಿತ್ಕೋತಾಳೆ. ಅದರಿಂದ ಏನಾಯ್ತು? ಎಣಿಸೋರು ಯಜಮಾನ್ರಲ್ವಾ?"

"ಅಪ್ಪ ಮೂರು ಅಂದಾಗ ನಿಮಗೆ ಒಂದೂ ಕಾಣ್ಲಿಲ್ಲ. ಯಾಕೆ ಹೇಳ್ಲಿಲ್ಲ?"

ಅವರು ತಲೆ ತಗ್ಗಿಸಿದರು. "ನಾಚಿಕೆ ಆಯ್ತು. ಅವ್ರಿಗೆ ಕಾಣೋದು ನನಗೆ ಕಾಣಲ್ಲ, ನನ್ನ ಕಣ್ಣೇ ಮಂದ ಅಂದ್ಕೊಂಡೆ. ಹೇಳಿದ್ರೆ ನಾಳೆಯಿಂದ ಬರ್ಬೇಡ ಅಂತೀರೇನೋ ಅಂತ."

ಒಳ್ಳೆಯ ಕತೆ ಕಟ್ಟಿದ್ದಾರೆ ಎಂದು ಅವಳು ಅಪ್ಪನ ಕಡೆ ತಿರುಗಿದಳು. ಈಗ ಅಪ್ಪ ಸಿಡಿಯುತ್ತಾನೆ. ಹನ್ನೊಂದು ಚಾಣಕ್ಕೆ ಮೇಷ್ಟ್ರನ್ನೇ ಇಳಿಸಿ ಕಳಿಸಿದವನು. ಆದರೆ ಅಪ್ಪ ದುರ್ಬೀನು ಕೆಳಗಿಳಿಸಲೇ ಇಲ್ಲ. ಅದರ ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದ.

ಆಗಲೇ ಬಂತು ಚಾಣ. ಕಣಿವೆಯಿಂದ ಸೊಯ್ಯನೆ ಮೇಲೆದ್ದು, ಬೆಂಚಿನಿಂದ ಹತ್ತು ಮಾರು ದೂರದಲ್ಲಿ, ಅಪ್ಪನ ಮುಖದ ನೇರಕ್ಕೆ ಒಂದು ಗಳಿಗೆ ರೆಕ್ಕೆ ಬಡಿಯುತ್ತ ನಿಂತಿತು. ಎದೆಯ ಮೇಲಿನ ಚುಕ್ಕೆಗಳನ್ನೂ ಎಣಿಸಬಹುದಾಗಿತ್ತು. ಕಂಡಕ್ಟರ ಬೆರಳು ಹೆದರಿ ಸುಮ್ಮನಾಗಿತ್ತು. ಟಕ್ ಇಲ್ಲ.

ಅಪ್ಪನೂ ಏನೂ ಅನ್ನಲಿಲ್ಲ.

ಚಾಣ ಓರೆಯಾಗಿ ಗಾಳಿಗೆ ಜಾರಿ ಹೋಯಿತು. ಅಪ್ಪನ ದುರ್ಬೀನು ಕದಲಲಿಲ್ಲ.

ಅವಳ ಕೈಯ ಪೆನ್ಸಿಲ್ಲು ಹಾಳೆಯ ಮೇಲೆ ಹಾಗೇ ನಿಂತಿತು. ಲೋಟದಲ್ಲಿ ಅದ್ದಿದ ಬೆರಳು. ಮನೆ ತಪ್ಪಿದ ಗುಂಡಿ. ಪೇಪರ್ ಓದುವ ಪಾಠ. ಕಿವಿಯಲ್ಲಿನ ಪಿಸಿಪಿಸಿ. ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳುತ್ತ ಹೋಯಿತು. ಮೂರು ವಾರ ಅಪ್ಪನ ಬಾಯಿಂದ ಬಂದದ್ದು ಮಗಳ ಕಣ್ಣಿಗೆ ಬಿದ್ದ ಹಕ್ಕಿ. ಐದು ದಿನದಿಂದ ಬಂದದ್ದು ಕಂಡಕ್ಟರ ಬೆರಳಿನ ಚಟ. ಸದ್ದಿಗೆ ಜಾತಿ ಎಲ್ಲಿಂದ ಬರಬೇಕು? ಅದಕ್ಕೇ ಎಲ್ಲವೂ ಗಿಡುಗ. ಅವಳು, ಹೇಳಿದ್ದನ್ನೆಲ್ಲ ಬರೆದವಳು, ಒಂದು ಸಲವೂ ತಲೆ ಎತ್ತಿರಲಿಲ್ಲ. ಗುಡ್ಡದ ಮೇಲೂ ಇಲ್ಲ, ಅಡುಗೆಮನೆಯಲ್ಲೂ ಇಲ್ಲ.

ಬಾಲ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಚಾಣ ಹೋದ ದಿಕ್ಕಿಗೊಮ್ಮೆ, ತಾತನ ಕಡೆಗೊಮ್ಮೆ, ಮತ್ತೆ ಅಮ್ಮನ ಕಡೆಗೆ.

ಕಂಡಕ್ಟರು ಯಂತ್ರವನ್ನು ಬೆಂಚಿನ ಮೇಲಿಟ್ಟು ಚೀಲ ಹೆಗಲಿಗೇರಿಸಿದರು. "ನನ್ನಿಂದ ಯಜಮಾನ್ರ ಹೆಸರು ಕೆಡೋದು ಬೇಡ ತಾಯಿ. ಏನು ಬರ್ಕೋಬೇಕೋ ಬರ್ಕೊಳ್ಳಿ, ಕಂಡಕ್ಟ್ರ ತಪ್ಪು ಅಂತ. ನಾನು ಸ್ಟಾಪಲ್ಲಿ ಇಳ್ಕೋತೀನಿ."

ತಮಾಷೆಗೆಂದು ಹೇಳಿ ಇಳಿಜಾರಿನತ್ತ ತಿರುಗಿದರು. ಅಪ್ಪ ಈಗಲಾದರೂ ತಡೆಯಬಹುದೆಂದು ಅವಳು ಕಾದಳು. ಅಪ್ಪ ದುರ್ಬೀನನ್ನು ಬರಿದಾದ ಆಕಾಶಕ್ಕೇ ಹಿಡಿದಿದ್ದ. ಅಷ್ಟೇ.

ಹನ್ನೊಂದಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು.

"ಗೊತ್ತಾಯ್ತೇನಮ್ಮಾ?" ಲೈಬ್ರರಿ ಮೇಡಂ ದನಿ ಗುಡ್ಡದ ಮೌನದಲ್ಲಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು. "ಯಾರು ಅಂತ ಹೇಳಿ, ಬರ್ಕೋತೀನಿ."

ಒಂದೇ ಮಾತು. ಕಂಡಕ್ಟರು ಎಂದುಬಿಟ್ಟರೆ ಐದು ದಿನ ಹೋಗುತ್ತದೆ, ಅಪ್ಪನ ಇಪ್ಪತ್ತಾರು ವರ್ಷ ಉಳಿಯುತ್ತದೆ. ಸುಳ್ಳೂ ಅಲ್ಲ, ಒತ್ತಿದ್ದು ಅವರೇ ತಾನೆ? ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹೋಗಿದ್ದ ಕಂಡಕ್ಟರು ಬೆನ್ನು ಹಾಕಿಯೇ ನಿಂತು ಆ ಮಾತಿಗೆ ಕಾಯುತ್ತಿದ್ದರು.

"ಹಲೋ? ಇದೀರಾ?"

"ಇದೀನಿ ಮೇಡಂ," ಅಂದಳು. "ಅದು..."

ಅವಳ ಮಗ್ಗುಲಿನಿಂದ ಎದ್ದು ಬಾಲ ಬೆಂಚಿನ ಹತ್ತಿರ ಹೋದಳು. ರಜೆಯ ದಿನಗಳ ಹಾಗೆ ಕಿವಿಗೆ ಬಾಯಿ ಹಚ್ಚಲಿಲ್ಲ. ತಾತನ ಮುಂದೆ, ಚಾಣ ನಿಂತಿದ್ದ ನೇರಕ್ಕೇ ನಿಂತು, ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ತಾತನ ಕಣ್ಣು ಅವಳ ಮುಖವನ್ನು ಹುಡುಕುತ್ತ ಅವಳ ತಲೆಯ ಮೇಲಿನಿಂದ ದಾಟಿಹೋಯಿತು.

"ತಾತಾ," ಎಂದಳು ಬಾಲ, ಫೋನಿನಾಚೆಯವರಿಗೂ ಕೇಳುವ ಹಾಗೆ, "ನಿಂಗೆ ಕಣ್ಣು ಕಾಣ್ಸುತ್ತಾ?"