ಗಾಜಿಗೆ ಬರೆದ ಹೆಸರು

ಊರ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆಗೆ ಬಟ್ಟೆ ಜೋಡಿಸುತ್ತಿದ್ದ ಅಗಸರ ಹೊನ್ನಕ್ಕನ ಕೈ ಅರ್ಧಕ್ಕೇ ನಿಂತಿತು. ಚೌಳುನೀರಿಗೆ ಅದ್ದಲೆಂದು ಎತ್ತಿದ ಲಂಗದ ಮೇಲೆ ಮತ್ತೆ ಅದೇ ಹಳದಿಗೂ ಹಸಿರಿಗೂ ನಡುವಿನ ಕಲೆ, ಅದೇ ಕೆಟ್ಟ ವಾಸನೆ. ಅಂಚಿನಲ್ಲಿ ಅವಳೇ ಗೇರೆಣ್ಣೆಯಲ್ಲಿ ಹಾಕಿದ ಎರಡು ಚುಕ್ಕಿ, ಒಂದು ಗೀಟು. ದೊಡ್ಡಮನೆಯ ಸೊಸೆ ಜಯಲಕ್ಷ್ಮಮ್ಮನ ಗುರುತು.

ಅದರ ಕೆಳಗೇ ಜಯಲಕ್ಷ್ಮಮ್ಮನ ಬದನೆ ಬಣ್ಣದ ಸೀರೆಯಿತ್ತು. ನೆರಿಗೆಯ ತುದಿಯಲ್ಲಿ ಸಗಣಿ ಒಣಗಿ ಪುಡಿಯಾಗುತ್ತಿತ್ತು. ತಿಂಗಳಿಂದ ಎಲ್ಲೋ ಮಡಿಚಿ ಬಚ್ಚಿಟ್ಟದ್ದು. ಸೆರಗಿನಲ್ಲಿ ಹೊಗೆಸೊಪ್ಪಿನ ಕಲೆ. ಜಯಲಕ್ಷ್ಮಮ್ಮ ಕೊಟ್ಟಿಗೆಗೆ ಕಾಲಿಡುವವಳಲ್ಲ, ಹೊಗೆಸೊಪ್ಪು ಮುಟ್ಟುವವಳೂ ಅಲ್ಲ. ಆ ಮನೆಯಲ್ಲಿ ಎರಡರ ಸಹವಾಸವೂ ಇದ್ದವಳು ಆಳು ಬೆಟ್ಟಮ್ಮ ಒಬ್ಬಳೇ. ಒಡತಿಯ ಸೀರೆಯನ್ನು ಬೆಟ್ಟಮ್ಮ ಯಾಕೆ ಉಟ್ಟಳು? ಹೊನ್ನಕ್ಕ ಸೀರೆಯನ್ನು ಇನ್ನೊಮ್ಮೆ ಮೂಸಿದಳು. ಯಾವ ಅನುಮಾನವಾದರೂ ಅವಳಿಗೆ ಮೊದಲು ಬರುತ್ತಿದ್ದದ್ದು ಮೂಗಿಗೇ.

ತಿಂಗಳ ಹಿಂದೆ ಹಾಸನದ ನರ್ಸು ಅನಸೂಯಮ್ಮ ಜೀಪಿನಲ್ಲಿ ಮಲ್ಲಿಪಟ್ಟಣಕ್ಕೆ ಬಂದಿದ್ದರು. ಸ್ಕೂಲಿನ ಕೋಣೆಗೆ ಪರದೆ ಕಟ್ಟಿ, ಹೆಂಗಸರ ಒಳಗಿನಿಂದ ಹತ್ತಿ ಸುತ್ತಿದ ಕಡ್ಡಿಯಲ್ಲಿ ಇಷ್ಟು ತೆಗೆದು, ಬೆರಳುದ್ದದ ಗಾಜಿಗೆ ಸವರಿ, ತುದಿಗೆ ಹೆಸರು ಬರೆದುಕೊಂಡು ಹೋಗಿದ್ದರು. ಹಾಸನದಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನ ಕೆಳಗಿಟ್ಟರೆ ನಂಜು ಯಾರಿಗಿದೆಯೆಂದು ಕಾಣುತ್ತದಂತೆ. ಹೋದ ವಾರ ಐದು ಮನೆಗೆ ಚೀಟಿಯೂ ಮಾತ್ರೆಯೂ ಬಂದವು. ಹೆಂಡತಿಯೂ ನುಂಗಬೇಕು, ಗಂಡನೂ ನುಂಗಬೇಕು. ಆ ಐದು ಮನೆ ಯಾವುವೆಂದು ಚೀಟಿ ಬರುವ ಮೊದಲೇ ಹೊನ್ನಕ್ಕನಿಗೆ ಗೊತ್ತಿತ್ತು. ಅವಳ ಪ್ರಕಾರ ಆರು ಬರಬೇಕಿತ್ತು.

“ಏನ್ ಒನ್ನಕ್ಕ, ಬಟ್ಟೆ ಒಗ್ಯಾದ್ ಬುಟ್ಟು ಊರ್ ಮಾನ ಒಗ್ಯಾಕ್ ನಿಂತ್ಕಂಡ್ಯಾ?”

ಚೀಟಿ ಬಂದ ಐವರಲ್ಲಿ ಒಬ್ಬಳಾದ ಲಕ್ಷ್ಮಿದೇವಮ್ಮ ಕೊಡ ಹೊತ್ತು ಹಿಂದೆ ನಿಂತಿದ್ದಳು.

“ನಾನೇನ್ ಮಾಡ್ದೆನವ್ವ?”

“ಗಾಜು ಮಾತಾಡ್ತದಾ? ನಮ್ ಒಳಗಿನ್ ಸಮಾಚಾರ ಗೊತ್ತಿರಾದು ನಿಂಗೇಯ. ಆ ಜೀಪು ನಿನ್ ಮನೆ ಮುಂದ್ಯಾಕ್ ನಿಂತಿತ್ತು?”

“ಅವ್ರ ಆಸೋ ಬಟ್ಟೆ ಒಗ್ಯಾಕ್ ಕೊಟ್ರು ಕಣವ್ವ. ಡ್ರೈವರ್ ಪಾಲಾಕ್ಷ ತಂದಾಕ್ಬುಟ್ಟು ಓದ. ನರ್ಸಮ್ಮನ್ ಮುಖಾನೇ ನಾ ಕಂಡಿಲ್ಲ.”

“ಊಂ, ನಂಬ್ದೆ! ಇನ್ನೊಂದೂ ಅಂತಾವ್ರೆ. ಎಲ್ಲಾರ್ ಬಟ್ಟೇನೂ ಒಂದೇ ಅಂಡೇಲಿ ಬೇಯಿಸ್ತೀಯಲ್ಲ, ನಂಜು ಅಲ್ಲಿಂದ್ಲೇ ಅಂಟ್ಕತು ಅಂತ. ನಾಳಿಂದ ನಮ್ ಬಟ್ಟೆ ನಾವೇ ಒಕ್ಕತೀವಿ.”

ಇದರೊಂದಿಗೆ ಮೂರು ಮನೆ ಕೈಬಿಟ್ಟಂತಾಯಿತು. ಬಟ್ಟೆಯಲ್ಲಿ ಕಂಡದ್ದು ನೀರಿನ ಪಾಲು ಎಂದು ಅತ್ತೆ ಹೇಳಿಕೊಟ್ಟಿದ್ದಳು. ಇಪ್ಪತ್ತು ವರ್ಷದಲ್ಲಿ ಹೊನ್ನಕ್ಕ ಗಂಡ ಕೆಂಚಯ್ಯನ ಮುಂದೂ ಬಾಯಿಬಿಟ್ಟವಳಲ್ಲ. ಅದನ್ನು ಯಾರಿಗೆ ಹೇಳಿ ನಂಬಿಸುವುದು?

ಮಧ್ಯಾಹ್ನ ಹೋದ ವಾರದ ಗಂಟು ಹೊತ್ತು ದೊಡ್ಡಮನೆಗೆ ಹೋದಳು. ಜಗಲಿಯಲ್ಲಿ ಪುಟ್ಟತಾಯಮ್ಮ, ಜಯಲಕ್ಷ್ಮಮ್ಮನ ಅತ್ತೆ, ಅವರೆಕಾಯಿ ಬಿಡಿಸುತ್ತಿದ್ದಳು.

“ನಮ್ ಸೊಸೆಗ್ ಏನೂ ಇಲ್ವಂತೆ ಕಣೆ. ಗಾಜು ಬಾವಿ ನೀರ್ನಂಗದೆ ಅಂದ್ರಂತೆ ನರ್ಸಮ್ಮ.”

“ಒಳ್ಳೇದಾಯ್ತು ಬುಡಿ ಅವ್ವೋರೆ.”

“ಎಂಥ ಒಳ್ಳೇದು? ಕಾಯ್ಲೆ ಇದ್ದಿದ್ರೆ ಮದ್ದಾದ್ರೂ ಕೊಡಿಸ್ಬೋದಿತ್ತು. ಎಲ್ಡ್ ಸಲ ಬಸ್ರು ಇಳ್ದೋಯ್ತು. ಇವ್ಳ ಅಣೇಲೇ ಬರ್ದಿಲ್ಲ ಅಂತಾಯ್ತಲ್ಲ. ಸುಗ್ಗಿ ಕಳೀಲಿ, ನಮ್ ಮಗ ದೇವರಾಜಂಗೆ ಕಟ್ಟಾಯದಲ್ಲಿ ಇನ್ನೊಂದ್ ಎಣ್ ನೋಡಿವ್ನಿ.”

ಬಟ್ಟೆ ತೆಗೆದುಕೊಳ್ಳಲು ಬಂದ ಜಯಲಕ್ಷ್ಮಮ್ಮ ತಲೆ ಎತ್ತಲಿಲ್ಲ. “ಒನ್ನಕ್ಕ, ಆ ಬದ್ನೆ ಸೀರೆ... ಸಗಣಿ ಓಯ್ತದಾ?” ಎಂದವಳು ತಾನೇ ಬೆಚ್ಚಿದಳು.

ಪುಟ್ಟತಾಯಮ್ಮನ ಬೆರಳು ಅವರೆಕಾಯಿಯ ಮೇಲೆ ನಿಂತಿತು. “ಆ ಸೀರೆಗ್ ಸಗಣಿ ಎಲ್ಲಿಂದ ಬಂತಮ್ಮಿ?”

“ನಮ್ ಕತ್ತೆ ಬೀಳಿಸ್ಬುಡ್ತು ಅವ್ವೋರೆ,” ಹೊನ್ನಕ್ಕ ತಡಮಾಡಲಿಲ್ಲ. “ನಿಮ್ ಬಾಗ್ಲಲ್ಲೇ, ಇವ್ರ್ ಮುಂದೇಯ, ಸಗಣಿ ಮ್ಯಾಲೇ ಬಿತ್ತು. ನಂದೇ ತೆಪ್ಪು.”

ಪುಟ್ಟತಾಯಮ್ಮ ಕತ್ತೆಗೂ ಕತ್ತೆ ಸಾಕಿದವಳಿಗೂ ಸೇರಿಸಿ ಬೈದಳು. ಜಯಲಕ್ಷ್ಮಮ್ಮ ಗಂಟು ಈಸಿಕೊಂಡು ಒಳಗೆ ಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಹೊನ್ನಕ್ಕನಿಗೆ ಎಲ್ಲ ಬಿಡಿಸಿ ಕಂಡಿತು. ತನ್ನ ಹೆಸರಿಗೆ ಚೀಟಿ ಬಂದುಬಿಟ್ಟೀತೆಂಬ ಹೆದರಿಕೆಗೆ ಆ ಹುಡುಗಿ ತನ್ನ ಸೀರೆ ಉಡಿಸಿ ಬೆಟ್ಟಮ್ಮನನ್ನು ಕಳಿಸಿದಳು. ಬೆಟ್ಟಮ್ಮ ಮುಖದ ತುಂಬ ಸೆರಗು ಹೊದ್ದು ಜಯಲಕ್ಷ್ಮಮ್ಮ ಎಂದು ಹೆಸರು ಬರೆಸಿದಳು. ಈಗ ಬೆಟ್ಟಮ್ಮನ ಚೊಕ್ಕ ಗಾಜೇ ಇವಳಿಗೆ ಸವತಿ ತರುತ್ತಿದೆ. ನಿಜ ಹೇಳಿದರೆ ಮೋಸಗಾತಿ, ಹೇಳದಿದ್ದರೆ ಬಂಜೆ.

ಮದುವೆಯಾದ ಹೊಸದರಲ್ಲಿ ಹೊನ್ನಕ್ಕ ಬೋರಪ್ಪನ ಪಂಚೆಗೆ ಚನ್ನಪ್ಪನವರ ಗುರುತು ಹಾಕಿಬಿಟ್ಟಿದ್ದಳು. ಆ ಪಂಚೆ ಹರಿಯುವವರೆಗೂ ಚನ್ನಪ್ಪನವರೇ ಉಟ್ಟರು. ಗುರುತು ಹೇಳಿದ ಮನೆಗೆ ಬಟ್ಟೆ ಹೋಗುತ್ತದೆ. ಬಟ್ಟೆ ಯಾರದೆಂದು ಯಾರೂ ಕೇಳುವುದಿಲ್ಲ.

ಸಂಜೆ ಕೆಂಚಯ್ಯ ಉಬ್ಬೆಗೆ ಸೌದೆ ತಂದು ಹಾಕಿದ. “ಗುರುವಾರ ನರ್ಸಮ್ಮ ಮತ್ತೆ ಬತ್ತಾರಂತೆ, ಉಳ್ದೋರ್ಗೆ. ನೀನ್ ಮಾತ್ರ ಓಗ್ಬ್ಯಾಡ ಕಣೆ. ನಿನ್ ಎಸ್ರಿಗೂ ಚೀಟಿ ಬಂದ್ರೆ ಮುಗೀತು. ಅಂಡೇಲೇ ನಂಜದೆ ಅಂತಾರೆ. ಒಂದ್ ಮನೆಯೋರೂ ಬಟ್ಟೆ ಆಕಾಕಿಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಗ್ಗದ ಮೇಲೆ ಒಣಗಿದ ಬಟ್ಟೆ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಹೊನ್ನಕ್ಕ ಒಂದೊಂದೇ ತೆಗೆದು ಮಡಿಸಿದಳು. ಕೊನೆಗೆ ಉಳಿದದ್ದು ಅವಳದೇ ಒರಟು ಸೀರೆ. ಉದ್ದ ಸೆರಗು, ಎಳೆದುಕೊಂಡರೆ ಗಲ್ಲದವರೆಗೂ ಮುಚ್ಚುತ್ತದೆ. ಸ್ಕೂಲಿನ ಬಾಗಿಲಲ್ಲಿ ಕೇಳುವುದು ಹೆಸರು, ಗಂಡನ ಹೆಸರು, ಅಷ್ಟೇ. ಹೊನ್ನಕ್ಕನೆಂದು ಬರೆಸಿ ಕೆಂಚಯ್ಯ ಎನ್ನಲು ಜಯಲಕ್ಷ್ಮಮ್ಮ ನಾಚಬೇಕಾದ್ದೂ ಇಲ್ಲ, ಅವಳ ಗಂಡನ ಹೆಸರಲ್ಲವಲ್ಲ. ಮಾತ್ರೆ ಹೊನ್ನಕ್ಕನ ಮನೆಗೆ ಬರುತ್ತದೆ, ಒಗೆದ ಬಟ್ಟೆಯ ಮಡಿಕೆಯಲ್ಲಿ ದೊಡ್ಡಮನೆಗೆ ಹೋಗುತ್ತದೆ. ದೇವರಾಜನ ಪಾಲಿನದು ಅವನ ಹೊಟ್ಟೆಗೆ ಹೋಗುವುದು ಹೆಂಡತಿಯ ಜಾಣತನ. ಬಸಿರು ನಿಲ್ಲುತ್ತದೋ ಇಲ್ಲವೋ, ಅದು ಹೊನ್ನಕ್ಕನ ಕೈಯಲ್ಲಿಲ್ಲ.

“ಯೋನ್ ಯೋಚ್ನೆ ಮಾಡ್ತಿದ್ದೀಯೆ?” ಎಂದ ಕೆಂಚಯ್ಯ.

“ಯೋನಿಲ್ಲ. ಬೆಂಕಿ ಆರ್ತಾ ಅದೆ, ನೋಡು.”

ಅವನು ಒಲೆಗೆ ಬಗ್ಗಿದಾಗ ಹೊನ್ನಕ್ಕ ಆ ಸೀರೆಯನ್ನು ಚಿಕ್ಕದಾಗಿ ಮಡಿಸಿ, ದೊಡ್ಡಮನೆಗೆ ನಾಳೆ ಒಯ್ಯಬೇಕಿದ್ದ ಗಂಟಿನ ತಳಕ್ಕೆ ಇಟ್ಟು ಮೇಲೆ ಬಟ್ಟೆ ಪೇರಿಸತೊಡಗಿದಳು.