ಓರೆ ನೆರಳಿನ ಜಮಖಾನ

ಲಕ್ಷ್ಮೇಶ್ವರದ ಪೇಟೆಯೊಳಗಿನ ಹಳೇ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಮುರ್ತುಜಾ ಊರ ಹೊರಗಿನ ಪ್ಲಾಟಿನಲ್ಲಿ ಮೂರು ಕೋಣೆಯ ಮನೆ ಕಟ್ಟಿಸಿದ. ಗಾಳಿ ಬೆಳಕಿಗೆ ಕೊರತೆಯಿರಲಿಲ್ಲ, ನಳದ ನೀರೂ ಬರುತ್ತಿತ್ತು. ಆದರೂ ಅವನ ತಾಯಿ ಮೋತಿಬಿಗೆ ಮನೆ ಒಗ್ಗಲಿಲ್ಲ. ಸೊಸೆ ಕೌಸರಳಿಗೆ ಅದು ತಿಳಿದದ್ದು ಅತ್ತೆ ನಮಾಜಿಗೆ ನಿಲ್ಲುವುದನ್ನು ನೋಡಿ. ಮುದುಕಿ ಚಾಪೆ ಹಾಸುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ಬಗ್ಗಿ ಚಾಪೆಯನ್ನು ಒಂದಿಷ್ಟು ತಿರುಗಿಸುತ್ತಿದ್ದಳು.

"ಯಾಕ ಅಮ್ಮಿ?" ಎಂದು ಕೌಸರ ಒಂದು ದಿನ ಕೇಳಿಯೇಬಿಟ್ಟಳು.

"ಹಳೇ ಮನ್ಯಾಗ ಯಾವ ಗ್ವಾಡಿಗೆ ಮುಖ ಮಾಡಬೇಕು ಅನ್ನೂದು ಕಾಲಿಗೇ ಗೊತ್ತಿತ್ತು. ಇಲ್ಲಿ ನಿಂತ್ರ ಕಿಬ್ಲಾ ಎತ್ತಾಗ ಐತಿ ಅಂತ ಮನಸ್ಸು ಹುಡುಕಾಡ್ತೈತಿ."

ಕಿಬ್ಲಾ ಎಂದರೆ ಮಕ್ಕಾದ ಕಾಬಾ ಇರುವ ದಿಕ್ಕು. ಹೊಸ ಬಡಾವಣೆಯ ರಸ್ತೆಯೇ ಸೊಟ್ಟಗಿದ್ದುದರಿಂದ ಮನೆಯ ಗೋಡೆಗಳು ಯಾವ ದಿಕ್ಕಿಗೂ ಸರಿಯಾಗಿ ಕೂತಿರಲಿಲ್ಲ. ಮುರ್ತುಜಾ ಫೋನು ಹಿಡಿದು ನೋಡಿದ. ಕಿಟಕಿಯ ಹತ್ತಿರ ಒಂದು ದಿಕ್ಕು ತೋರಿಸಿತು, ಕಂಬದ ಹತ್ತಿರ ಇನ್ನೊಂದು. ಕಾಂಕ್ರೀಟಿನೊಳಗಿನ ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತಿತ್ತು. ಮೌಲವಿಗಳನ್ನು ಕೇಳಿದರೆ, "ಪಶ್ಚಿಮಕ್ಕ ನಿಂತು ಓದ್ರಿ, ಅಲ್ಲಾಹ್ ಮನಸ್ಸು ನೋಡ್ತಾನ" ಎಂದರು. ಮೋತಿಬಿ ಒಪ್ಪಿದಳು. ಸಂಜೆ ಮತ್ತೆ ಚಾಪೆ ತಿರುಗಿಸಿದಳು.

ಕೌಸರಳಿಗೆ ತನ್ನದೂ ಒಂದು ಚಿಂತೆ ಇತ್ತು. ಅವಳ ತವರು ನವಲಗುಂದ. ತಾಯಿಯಿಂದ ಜಮಖಾನ ನೇಯುವುದನ್ನು ಕಲಿತಿದ್ದಳು. ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರು ನಮಾಜಿಗೆ ಬರುತ್ತಾರೆಂದು ಚಿಕ್ಕ ಕೋಣೆಗೆ ಗೋಡೆಯಿಂದ ಗೋಡೆಗೆ ಒಂದು ಜಮಖಾನ ನೇಯಲು ಮಗ್ಗ ಹೂಡಿದ್ದಳು. ಸಾಲು ಹಿಡಿದು ನಿಲ್ಲಲು ಅದರಲ್ಲಿ ನೀಲಿ ಪಟ್ಟಿಗಳು ಬೇಕು. ದಿಕ್ಕೇ ಗೊತ್ತಿಲ್ಲದ ಮೇಲೆ ಪಟ್ಟಿ ಎಲ್ಲಿ ಎಳೆಯುವುದು?

ಕಡೆಗೆ ಅವಳು ಎದುರು ಮನೆಯ ಸರಸ್ವತಿಬಾಯಿಯ ಹತ್ತಿರ ಹೋದಳು. ಗುಡಿಯ ಪೂಜೆಯ ಮನೆತನದ ಸೊಸೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮುರ್ತುಜಾನಿಗೂ ಅವರೇ ಕಲಿಸಿದ್ದರು. ಎಲ್ಲವನ್ನೂ ಕೇಳಿ ಅವರು ಹೇಳಿದರು:

"ಫೋನ್ ಬಿಡವಾ. ಮೇ ಇಪ್ಪತ್ತೆಂಟಕ್ಕ ಸೂರ್ಯ ಕಾಬಾದ ನೆತ್ತಿ ಮ್ಯಾಲ ಬರ್ತಾನ. ನಮ್ಮಲ್ಲೆ ಆಗ ಮಧ್ಯಾಹ್ನ ಮೂರಕ್ಕ ಹನ್ನೆರಡು ನಿಮಿಷ ಕಮ್ಮಿ. ಆ ಹೊತ್ತಿಗೆ ಬಿಸಿಲಿದ್ದಲ್ಲೆ ಒಂದು ಕೋಲು ನೆಟ್ಟಗ ನಿಲ್ಲಿಸು. ನೆರಳಿನ ತುದಿಗೆ ನಿಂತು ಕೋಲಿನ ಕಡೆ ನೋಡಿದ್ರ ಆತು, ಅದೇ ನಿಮ್ಮ ಕಿಬ್ಲಾ."

"ಅಕ್ಕೋರ ಲೆಕ್ಕ ತಪ್ಪೂದಿಲ್ಲ," ಎಂದ ಮನೆಯಲ್ಲಿ ಇದನ್ನು ಕೇಳಿದ ಮುರ್ತುಜಾ, "ಆದ್ರ ಬಿಸಲ ಕೈಕೊಟ್ಟರ?"

ಹಾಗೆಯೇ ಆಯಿತು. ಆ ದಿನ ಅಂಗಳದಲ್ಲಿ ಕೋಲಿನ ಬದಲು ಬಟ್ಟೆ ಒಣಹಾಕುವ ತಂತಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎಲ್ಲರೂ ಕಾದರು. ಊಟದ ಹೊತ್ತಿಗೆ ಶಿರಹಟ್ಟಿಯ ಕಡೆಯಿಂದ ಮೋಡ ಎದ್ದಿತು. ಸಮಯಕ್ಕೆ ಸರಿಯಾಗಿ ಮಳೆ ಬಿತ್ತು. ದಾರ ತೊಯ್ದು ಓಲಾಡಿತು, ನೆರಳಿನ ಸುಳಿವಿರಲಿಲ್ಲ. ಇನ್ನೆಷ್ಟು ದಿನ ಅತ್ತೆ ಚಾಪೆ ತಿರುಗಿಸುತ್ತಲೇ ಇರಬೇಕೋ ಎಂದು ಕೌಸರಳ ಮನಸ್ಸು ಸಣ್ಣದಾಯಿತು.

ಮೋತಿಬಿ ಮಾತ್ರ ಹೊಸ್ತಿಲಲ್ಲಿ ಕೂತು ಮಳೆಗೆ ಕೈಯೊಡ್ಡಿದ್ದಳು. "ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ. ರೈತರು ಹೆಸರು ಬಿತ್ತಾಕ ಕಾಯಾಕತ್ತಿದ್ರು. ಬೀಳಲಿ ಬಿಡು."

"ರೋಹಿಣಿ ಮಳಿ ಅಂದ್ರ ಸೂರ್ಯ ರೋಹಿಣಿ ನಕ್ಷತ್ರಕ್ಕ ಬಂದಾಗ ಬೀಳೋ ಮಳಿ," ಎಂದರು ಸರಸ್ವತಿಬಾಯಿ. "ನಾವು ಮಳಿ ಲೆಕ್ಕ ಹಾಕೂದೂ ಅವನ್ನ ನೋಡೇ. ಒಂದು ದಿನಕ್ಕ ಅವ ಭಾಳ ದೂರ ಹೋಗೂದಿಲ್ಲ. ನಾಳೆ ಇದೇ ಹೊತ್ತಿಗೆ ನೋಡೂಣು. ಕೂದಲೆಳಿಯಷ್ಟು ಫರಕ ಬಂದೀತು."

ಮರುದಿನ ತೊಳೆದಿಟ್ಟಂಥ ಆಕಾಶ. ದಾರದ ನೆರಳು ಅಂಗಳದ ಫರಸಿಯ ಮೇಲೆ ಸೂಜಿಯಂತೆ ಬಿದ್ದಿತ್ತು. ಸರಸ್ವತಿಬಾಯಿ ಕೈಗಡಿಯಾರ ನೋಡಿ "ಹೂಂ" ಎಂದೊಡನೆ ಕೌಸರ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೋತಿಬಿ ಚಪ್ಪಲಿ ಬಿಟ್ಟು ಬಂದು ನೆರಳಿನ ತುದಿಯಲ್ಲಿ ನಿಂತಳು. ಈಗ ಅಲ್ಲಿ ಕಾಬಾದ ನೆರಳು ಕಾಬಾದ ಬುಡದಲ್ಲೇ ಇದೆ, ಇಲ್ಲಿ ತನ್ನ ನೆರಳು ಬೆನ್ನ ಹಿಂದಿದೆ ಎಂದು ತಿಳಿದಾಗ ಅವಳ ತುಟಿ ಸಣ್ಣಗೆ ಅಲುಗಿತು.

ಗೆರೆಯನ್ನು ದಾರ ಹಿಡಿದು ಕೋಣೆಯೊಳಕ್ಕೆ ಒಯ್ದರು. ಅದು ಗೋಡೆಗೆ ಓರೆಯಾಗಿ ಹಾದುಹೋಯಿತು.

"ಜಮಖಾನ ಓರೆ ಹಾಸಿದ್ರ ಅಂಚು ಗ್ವಾಡಿಗೆ ಬಡದು ಮಡಚ್ತೈತಿ," ಎಂದ ಮುರ್ತುಜಾ.

"ಹಾಸೂದು ನೆಟ್ಟಗೇ ಹಾಸ್ತೀನಿ. ಪಟ್ಟಿ ಓರೆ ನೇಯ್ತೀನಿ," ಎಂದಳು ಕೌಸರ.

ಹೇಳಿದಷ್ಟು ಸುಲಭವಿರಲಿಲ್ಲ. ಮಗ್ಗದಲ್ಲಿ ಹಾಸೂ ನೇರ, ಹೊಕ್ಕೂ ನೇರ. ಓರೆ ಗೆರೆ ಬರಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಅವಳು ನೆಲದ ಮೇಲೆ ಗೇಣು ಹಾಕಿ ಅಳೆದಳು. ಗೋಡೆಗುಂಟ ಏಳು ಗೇಣು ಹೋದರೆ ಗೆರೆ ಎರಡು ಗೇಣು ದೂರ ಸರಿಯುತ್ತಿತ್ತು. ಸಾಲಿನ ಪಟ್ಟಿ ಆ ಗೆರೆಗೆ ಅಡ್ಡ ಬರುವಂತೆ ಅದೇ ಪ್ರಮಾಣ ಹಿಡಿದು ನೇಯ್ದಳು. ಆದರೆ ನೂಲನ್ನು ಕೂಡಿಸಲು ಕಬ್ಬಿಣದ ಪಂಜಾದಿಂದ ಬಡಿದಂತೆಲ್ಲ ಎಳೆಗಳು ಒತ್ತಾಗಿ ಪಟ್ಟಿಯ ಓರೆ ತಗ್ಗಿತು. ಒಂದು ಮೊಳ ನೇಯ್ದದ್ದನ್ನು ಬಿಚ್ಚಿ, ಒತ್ತಿದ ಮೇಲೆ ಎಷ್ಟು ಉಳಿಯುತ್ತದೆಂದು ನೋಡಿಕೊಂಡು, ಎಳೆ ಹೆಚ್ಚಿಸಿ ಮತ್ತೆ ಹಿಡಿದಳು.

ಸರಸ್ವತಿಬಾಯಿ ದಿನಾ ಮಧ್ಯಾಹ್ನ ಬಂದು ಮಗ್ಗದ ಪಕ್ಕ ಕೂರತೊಡಗಿದರು. "ಏಳಕ್ಕ ಎರಡು. ಇದನ್ನ ನಾ ವರ್ಷಾನುಗಟ್ಟಲೆ ಬೋರ್ಡಿನ ಮ್ಯಾಲ ಬರದೀನಿ ಕೌಸರ. ಹಿಂಗ ನೀಲಿ ಬಣ್ಣದಾಗ ಮಾತ್ರ ನೋಡಿದ್ದಿಲ್ಲ," ಎಂದರು. ಪಂಜಾ ಇಸಿದುಕೊಂಡು ಒಂದಷ್ಟು ಹೊತ್ತು ಬಡಿದರು. ಮರುದಿನ ರಟ್ಟೆಗೆ ಎಣ್ಣೆ ಹಚ್ಚಿಕೊಂಡು ಬಂದರು.

ಜುಲೈ ಕೊನೆಗೆ ಜಮಖಾನ ಕೋಣೆ ತುಂಬಿತು. ನಾಲ್ಕು ಅಂಚೂ ಗೋಡೆಗೆ ಹೊಂದಿ ಕೂತಿದ್ದವು. ಒಳಗಿನ ನೀಲಿ ಪಟ್ಟಿಗಳು ಮಾತ್ರ ಓರೆಯಾಗಿ, ಕಿಬ್ಲಾಕ್ಕೆ ಸರಿಯಾಗಿ ಅಡ್ಡ ಹರಿದಿದ್ದವು. ಮೋತಿಬಿ ಒಂದು ಪಟ್ಟಿಯ ಮೇಲೆ ಪಾದ ಕೂಡಿಸಿ ನಿಂತಳು. ಕೌಸರ ಅಡಿಗೆಮನೆಯಿಂದ ಇಣುಕಿದಳು. ಅತ್ತೆ ಬಗ್ಗಲಿಲ್ಲ, ತಿರುಗಲಿಲ್ಲ. ನಮಾಜು ಮುಗಿಯುವವರೆಗೂ ಕೌಸರ ಒಲೆಯ ಮೇಲಿನ ಚಹಾ ಮರೆತು ನಿಂತಿದ್ದಳು.

ಆಮೇಲೆ ಬಾಗಿಲಲ್ಲಿ ಕೂತಿದ್ದ ಸರಸ್ವತಿಬಾಯಿಯನ್ನು ಮೋತಿಬಿ ಕೇಳಿದಳು, "ಸೂರ್ಯ ನಮ್ಮೂರ ನೆತ್ತಿ ಮ್ಯಾಲೂ ಬರ್ತಾನೇನ್ರಿ?"

"ವರ್ಷಕ್ಕ ಎರಡು ಸಲ. ಮೇ ತಿಂಗಳ ಶುರುವಿಗೆ ಬಂದು ಹೋದ. ಆಗಸ್ಟಿನಾಗ ಮತ್ತ ಬರ್ತಾನ."

"ಹಂಗಾರ ಆವಾಗ ಮಕ್ಕಾದಾಗ ಯಾರರ ಕೋಲು ನಿಲ್ಲಿಸಿದ್ರ, ಅದು ಲಕ್ಷ್ಮೇಶ್ವರದ ದಿಕ್ಕು ತೋರಸ್ತೈತಿ."

ಸರಸ್ವತಿಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಖರೆ. ತೋರಸ್ತದ. ಅಲ್ಲೆ ಆಗ ಮುಂಜಾನೆ ಹತ್ತರ ಸುಮಾರು," ಎಂದರು.

"ನಾವಷ್ಟೇ ಅತ್ತ ಮುಖ ಮಾಡ್ತೀವಿ ಅಂದ್ಕೊಂಡಿದ್ದೆ," ಎಂದು ಮೋತಿಬಿ ಜಮಖಾನದ ಮೇಲೆ ಕೈಯಾಡಿಸಿದಳು.

ಅವಳ ತಮ್ಮನ ಮಗ ಖಲೀಲ ಮಕ್ಕಾದಲ್ಲಿ ಯಾತ್ರಿಕರ ಬಸ್ಸು ಓಡಿಸುತ್ತಾನೆ. ಆಗಸ್ಟಿನಲ್ಲಿ ಸರಸ್ವತಿಬಾಯಿ ಹೇಳಿದ ದಿನ ಲಕ್ಷ್ಮೇಶ್ವರದಲ್ಲಿ ಜಿಟಿಜಿಟಿ ಮಳೆ. ನೆತ್ತಿಯ ಮೇಲಿನ ಸೂರ್ಯ ಯಾರಿಗೂ ಕಾಣಲಿಲ್ಲ. ಮಕ್ಕಾದಲ್ಲಿ ಬಿಸಿಲಿಗೇನು ಬರ? ಮೋತಿಬಿ ಹೇಳಿಸಿದ್ದಂತೆ ಖಲೀಲ ಬಸ್ಸು ನಿಲ್ಲಿಸುವ ಬಯಲಿನಲ್ಲಿ ನೀರಿನ ಬಾಟಲಿ ನಿಲ್ಲಿಸಿ ಫೋಟೋ ಕಳಿಸಿದ.

"ಇದರಾಗ ನಮ್ಮ ಮನಿ ಎತ್ತಾಗ ಐತಿ?" ಎಂದಳು ಮೋತಿಬಿ.

ಕೌಸರ ನೆರಳಿನ ತುದಿಯಿಂದ ಬೆರಳೆಳೆದು, ಬಾಟಲಿ ದಾಟಿ, ಫೋಟೋದ ಅಂಚು ದಾಟಿ ತೋರಿಸಿದಳು. ಹಿಂದೆಯೇ ಖಲೀಲನ ಧ್ವನಿ ಬಂತು: "ಫುಫು, ಸೆಕ್ಯೂರಿಟಿಯವ ಬಂದು ಏನ್ ಮಾಡಾಕತ್ತಿ ಅಂದ. ನಮ್ಮೂರ ಹುಡುಕಾಕತ್ತೀನಿ ಅಂದೆ. ಅವನೂ ತನ್ನ ಊರು ಎತ್ತಾಗ ಐತಿ ಅಂತ ಕೇಳಾಕತ್ತಾನ."

ಮೋತಿಬಿ ಅದನ್ನು ಎರಡು ಸಲ ಹಾಕಿಸಿ ಕೇಳಿದಳು. ಆಮೇಲೆ, ನಾಷ್ಟಾ ಮಾಡಿದನೋ ಇಲ್ಲವೋ ಕೇಳು ಎಂದು ಸೊಸೆಗೆ ಹೇಳಿ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂ ಮಾಡಲು ನೀರಿನ ಕಡೆ ನಡೆದಳು.